ಕ್ಷಮೆಯೂ ಮೌನವೂ

ಕ್ರೈಸ್ತಸಭೆಯ ಹಿರಿಯನೊಬ್ಬನಿಂದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದಾಗ, ತಿಳಿದವನ ಕರ್ತವ್ಯವೇನು? ಕ್ಷಮೆಯೇ ಧರ್ಮ, ಸಭೆಯ ಮಾನವನ್ನು ಬೀದಿಗೆಳೆಯಬಾರದು ಎನ್ನುವವರುಂಟು. ತಪ್ಪಿದ ಸೋದರನಿಗೆ ಏಕಾಂತದಲ್ಲಿ ಬುದ್ಧಿ ಹೇಳಬೇಕೆಂಬ, ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ವಿಧಿಯೇ ಅವರಿಗೆ ಆಧಾರ.

ಆದರೆ ಆ ವಿಧಿ ಏಕಾಂತದಲ್ಲಿಯೇ ಮುಗಿಯುವುದಿಲ್ಲ. ಅವನು ಕೇಳದಿದ್ದರೆ ಸಾಕ್ಷಿಗಳೆದುರು, ಬಳಿಕ ಸಭೆಯೆದುರು ತಿಳಿಸಬೇಕೆಂದಿದೆ. ಎಳೆಯರಿಗೆ ಕೇಡೆಣಿಸುವವನನ್ನು ಕುರಿತ ಯೇಸುವಿನ ಕಠೋರ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಮೇಲಾಗಿ, ಆ ವಿಧಿ ಹೇಳಿರುವುದು ನೊಂದವನಿಗೆ. ಪರರ ಮಗುವಿಗಾದ ನೋವನ್ನು ಕ್ಷಮಿಸಲು ನಾವಾರು?

ನಮ್ಮ ದೇಶದ ಶಾಸನವೂ ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಇಂಥ ಅಪರಾಧವನ್ನು ಬಲ್ಲವರು ಯಾರೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದು. ತಿಳಿಸದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಅಥವಾ ಎರಡೂ. ಕೈಕೆಳಗಿನವನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆ ಮತ್ತು ಜುಲ್ಮಾನೆ. ಪೋಪ್ ಫ್ರಾನ್ಸಿಸರೂ 2019ರ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳ ವಿಚಾರಣೆಗೆ ಹೊದಿಸಿದ್ದ ಗೋಪ್ಯವಿಧಿಯನ್ನು ತೆಗೆದುಹಾಕಿದರು.

ತೊಡಕೊಂದು ಉಳಿದಿದೆ. ಪಾಪನಿವೇದನೆಯಲ್ಲಿ ಕೇಳಿದುದನ್ನು ಪಾದ್ರಿಯು ಹೊರಗೆಡಹುವುದನ್ನು ಕ್ಯಾಥೊಲಿಕ್ ಸಭೆ ಒಪ್ಪದು. ಕಾಯಿದೆಯಾದರೋ ಅವನಿಗೆಂದು ವಿನಾಯಿತಿ ಹೇಳಿಲ್ಲ. ಈ ಘರ್ಷಣೆ ನಿಜವಾದುದು. ಆದರೆ ಅದು ಪಾದ್ರಿಯ ಸಂಕಟ. ಕಣ್ಣಾರೆ ಕಂಡ ನೆರೆಯವನು, ಮಗುವಿನ ಬಾಯಿಂದಲೇ ಕೇಳಿದ ಉಪಾಧ್ಯಾಯನು ಆ ಗೋಪ್ಯದ ಮರೆಯಲ್ಲಿ ನಿಲ್ಲುವಂತಿಲ್ಲ.

ಕ್ಷಮಿಸುವುದು, ಬಿಡುವುದು ನೊಂದವರ ಹಕ್ಕು. ತಿಳಿಸುವುದು ತಿಳಿದವರ ಋಣ. ಒಂದರ ಹೆಸರಿನಲ್ಲಿ ಇನ್ನೊಂದನ್ನು ತಪ್ಪಿಸಿಕೊಂಡರೆ ಉಳಿಯುವುದು ಸಭೆಯ ಮಾನವಲ್ಲ, ಅಪರಾಧಿಗೆ ದೊರೆತ ಅವಕಾಶ ಮಾತ್ರ.