ಗಾಳಿಗೆ ಕ್ರಯಪತ್ರ

ನಾನು ಚಿಕ್ಕವಳಿದ್ದಾಗ ನಮ್ಮ ತಂದೆ ಪ್ರತಿವರ್ಷ ತಪ್ಪದೆ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. ಅದಕ್ಕೊಂದು ಪುಟ್ಟ ಪುಸ್ತಕವಿತ್ತು. ಅದನ್ನು ಮನೆಪತ್ರಗಳ ಜೊತೆಯಲ್ಲೇ ಟ್ರಂಕಿನಲ್ಲಿ ಇಡುತ್ತಿದ್ದರು. "ರೇಡಿಯೋ ನಮ್ಮದೇ, ದುಡ್ಡು ಕೊಟ್ಟು ತಂದದ್ದು. ಮತ್ತೆ ಮತ್ತೆ ಯಾಕಪ್ಪ ಹಣ ಕಟ್ಟಬೇಕು?" ಎಂದು ಒಮ್ಮೆ ಕೇಳಿದ್ದೆ. "ಪೆಟ್ಟಿಗೆ ನಮ್ಮದು ಕಣಮ್ಮ, ಅದರೊಳಗೆ ಬರೋ ಗಾಳಿ ನಮ್ಮದಲ್ಲವಲ್ಲ" ಎಂದಿದ್ದರು. ಆ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು. ತಂದೆಯವರೂ ಈಗಿಲ್ಲ. ಆದರೆ ಗಾಳಿ ಯಾರದು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಅದು ಮತ್ತೆ ಎದ್ದು ಕೂತದ್ದು ಈಚೆಗೆ, ಹೂಸ್ಟನ್ನಿನಲ್ಲಿರುವ ನನ್ನ ತಂಗಿಯ ಮಗ ರಜಕ್ಕೆ ಬಂದಾಗ. ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಅವನ ನೌಕರಿ. ರೇಡಿಯೋ ಕೇಂದ್ರಗಳನ್ನು ಕೊಳ್ಳುವವರಿಗೆ ಎಷ್ಟು ಸಾಲ ಕೊಡಬಹುದೆಂದು ಲೆಕ್ಕ ಹಾಕುವುದೂ ಅವನ ಕೆಲಸಗಳಲ್ಲೊಂದು. "ರೇಡಿಯೋ ಕೇಂದ್ರವನ್ನೂ ಮಾರುತ್ತಾರೇನೋ?" ಎಂದು ಬೆರಗಾದೆ. "ಎಮ್ಮೆ ಮಾರಿದ ಹಾಗೆ ಮಾರ್ತಾರೆ, ದೊಡ್ಡಮ್ಮ" ಎಂದ.

ಅಲ್ಲಿ ಇದಕ್ಕೇ ಮೀಸಲಾದ ದಲ್ಲಾಳಿಗಳಿದ್ದಾರಂತೆ. ಯಾವ ಊರಿನ ಯಾವ ಕೇಂದ್ರ ಮಾರಾಟಕ್ಕಿದೆ, ಯಾರ ಕೈಯಲ್ಲಿ ಹಣವಿದೆ, ಯಾರಿಗೆ ತುರ್ತಿದೆ ಎಂಬುದೆಲ್ಲ ಅವರಿಗೆ ಗೊತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಅವರ ನೆನಪಾಯಿತು. ಬೆಲೆ ಕಟ್ಟುವ ರೀತಿಯನ್ನೂ ಹುಡುಗ ವಿವರಿಸಿದ. ಕೇಂದ್ರಕ್ಕೆ ವರ್ಷಕ್ಕೆ ಖರ್ಚು ಕಳೆದು ಎಷ್ಟು ಉಳಿಯುತ್ತದೆಯೋ ಅದರ ಇಷ್ಟು ಪಟ್ಟು ಎಂದು ಲೆಕ್ಕ. ಏನೂ ಉಳಿಯದಿದ್ದರೆ ಬರಿಯ ಲೈಸೆನ್ಸು ಮತ್ತು ಪ್ರಸಾರದ ಗೋಪುರಕ್ಕೆ ಏನು ಸಿಕ್ಕೀತೋ ಅಷ್ಟು. ಇದನ್ನು ಅವರು 'ಸ್ಟಿಕ್ ವ್ಯಾಲ್ಯೂ' ಎನ್ನುತ್ತಾರೆ. ಬರೀ ಕಂಬದ ಬೆಲೆ.

ಇದರಲ್ಲೊಂದು ವಿಚಿತ್ರವಿದೆ. ಅಮೆರಿಕದ 1934ರ ಸಂಪರ್ಕ ಕಾಯಿದೆಯ ಪ್ರಕಾರ ಪ್ರಸಾರದ ತರಂಗಕ್ಕೆ ಯಾರೂ ಒಡೆಯರಲ್ಲ. ಲೈಸೆನ್ಸು ಪಡೆದವರಿಗೆ ಅದನ್ನು ಬಳಸುವ ಹಕ್ಕು ಮಾತ್ರ ಉಂಟು. ಅದೂ ಈಗ 8 ವರ್ಷಕ್ಕೊಮ್ಮೆ ನವೀಕರಿಸಬೇಕಾದದ್ದು, ಸಾರ್ವಜನಿಕ ಹಿತಕ್ಕಾಗಿ ನಡೆಸಬೇಕಾದದ್ದು. ಕೈ ಬದಲಾಗಬೇಕಾದರೆ ಅಲ್ಲಿಯ ಸಂಪರ್ಕ ಆಯೋಗದ ಒಪ್ಪಿಗೆ ಬೇಕು. ಎಂದರೆ ತನ್ನದಲ್ಲದ್ದನ್ನು ಒಬ್ಬ ಮಾರುತ್ತಾನೆ, ತನ್ನದಾಗಲಾರದ್ದನ್ನು ಇನ್ನೊಬ್ಬ ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾನೆ. ಮೈಕು, ಮೇಜು, ಕುರ್ಚಿಗಳಿಗೆ ಅಷ್ಟು ಹಣ ಬಾಳುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು. ಹಾಗಾದರೆ ಮಾರಾಟವಾಗುವುದು ಏನು?

ಹುಡುಗ ತಾನಿರುವ ಊರಿನದೇ ಒಂದು ಉದಾಹರಣೆ ಕೊಟ್ಟ. ಹೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಕೆಟಿಆರ್‌ಯು ಎಂಬ ವಿದ್ಯಾರ್ಥಿಗಳ ರೇಡಿಯೋ ಇತ್ತು. 1960ರ ದಶಕದಲ್ಲಿ ಹಾಸ್ಟೆಲಿನಲ್ಲಿ ಹುಡುಗರು ಹವ್ಯಾಸಕ್ಕೆಂದು ಶುರುಮಾಡಿದ್ದು ಬೆಳೆದು 50,000 ವ್ಯಾಟ್ ಶಕ್ತಿಯ ಕೇಂದ್ರವಾಗಿತ್ತು. ಬೇರೆಲ್ಲೂ ಕೇಳಸಿಗದ ಸಂಗೀತ ಅಲ್ಲಿ ಕೇಳಬಹುದಾಗಿತ್ತು. 2010ರಲ್ಲಿ ವಿಶ್ವವಿದ್ಯಾಲಯ ಅದನ್ನು 95 ಲಕ್ಷ ಡಾಲರಿಗೆ ಮಾರಲು ಹೊರಟಿತು. ಅದನ್ನು ನಡೆಸುತ್ತಿದ್ದ ವಿದ್ಯಾರ್ಥಿಗಳಿಗೆ ವಿಷಯ ತಿಳಿದದ್ದು ಮಾತುಕತೆಯೆಲ್ಲ ಮುಗಿದ ಮೇಲೆ. ಅವರು ಆಯೋಗಕ್ಕೆ ತಕರಾರು ಸಲ್ಲಿಸಿದರು. 2011ರಲ್ಲಿ ಆಯೋಗ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಕೊಂಡದ್ದು ಹೂಸ್ಟನ್ ವಿಶ್ವವಿದ್ಯಾಲಯ. ಅದು ಶಾಸ್ತ್ರೀಯ ಸಂಗೀತ ಹಾಕಿತು, ಕೆಲವು ವರ್ಷಗಳಲ್ಲಿ ತಾನೂ ಅದನ್ನು ಕ್ರೈಸ್ತ ಧಾರ್ಮಿಕ ಪ್ರಸಾರದವರಿಗೆ ಮಾರಿತು.

"ತಕರಾರು ಕೊಡಲು ಅವಕಾಶ ಇದೆಯಲ್ಲ, ಅದು ನ್ಯಾಯವೇ ತಾನೆ?" ಎಂದೆ. ಹುಡುಗ ನಕ್ಕ. ಅರ್ಜಿಯನ್ನು ಊರವರಿಗೆ ಪ್ರಕಟಿಸಬೇಕು, ಆಕ್ಷೇಪಣೆಗೆ 30 ದಿನ ಕೊಡಬೇಕು, ಇದೆಲ್ಲ ನಿಯಮದಲ್ಲಿದೆ. ಆದರೆ ಕೊಳ್ಳುವವನಿಗಿಂತ ಯೋಗ್ಯರು ಬೇರೆ ಇದ್ದಾರೆಯೇ ಎಂದು ಆಯೋಗ ನೋಡುವಂತಿಲ್ಲ. ನಾಳೆ ಅಲ್ಲಿ ಯಾವ ಸಂಗೀತ ಬರುತ್ತದೆ ಎಂಬುದನ್ನು ಮಾರುಕಟ್ಟೆಗೇ ಬಿಡುವ ಆಯೋಗದ ನೀತಿಯನ್ನು ಅಲ್ಲಿಯ ಸುಪ್ರೀಂ ಕೋರ್ಟು 1981ರಲ್ಲೇ ಎತ್ತಿಹಿಡಿದಿದೆ. ಕೇಳುಗರನ್ನು ಕೇಳುತ್ತಾರೆ. ಕೇಳಿದ್ದನ್ನು ಕೇಳಿಸಿಕೊಳ್ಳಬೇಕಾದ ಕಟ್ಟುಪಾಡು ಮಾತ್ರ ಇಲ್ಲ.

ಇದರಿಂದ ಬರುವ ಆಪತ್ತಿಗೆ ಅಮೆರಿಕದವರು ಕೊಡುವ ಉದಾಹರಣೆ ಮೈನಾಟ್ ಎಂಬ ಊರಿನದು. 1996ರ ಕಾಯಿದೆ ಒಬ್ಬರು ದೇಶದಲ್ಲಿ ಇಷ್ಟೇ ರೇಡಿಯೋ ಕೇಂದ್ರ ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಕೊಳ್ಳುವ ಭರಾಟೆಯಲ್ಲಿ ಕ್ಲಿಯರ್ ಚಾನೆಲ್ ಎಂಬ ಕಂಪನಿಯ ಕೈಗೆ ಸಾವಿರಕ್ಕೂ ಮಿಕ್ಕಿ ಕೇಂದ್ರಗಳು ಸೇರಿದವು. ಮೈನಾಟಿನ ಆರೂ ವಾಣಿಜ್ಯ ಕೇಂದ್ರಗಳು ಅದರವೇ. 2002ರ ಜನವರಿ 18ರ ನಡುರಾತ್ರಿ ಕಳೆದ ಮೇಲೆ ಆ ಊರಿನ ಬಳಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಹೊರಚೆಲ್ಲಿತು. ಜನರಿಗೆ ಎಚ್ಚರಿಕೆ ಕೊಡಲು ಪೊಲೀಸರು ರೇಡಿಯೋ ಕೇಂದ್ರಕ್ಕೆ ಫೋನು ಮಾಡಿದರೆ ಎತ್ತುವವರು ಸಿಗಲಿಲ್ಲವೆಂದು ವರದಿಯಾಯಿತು. ಒಬ್ಬರು ಸತ್ತರು, ನೂರಾರು ಜನ ನರಳಿದರು. ಎಚ್ಚರಿಕೆಯ ಯಂತ್ರವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲವೆಂದು ಕಂಪನಿ ಹೇಳಿತು. ಅದರಲ್ಲೂ ಸತ್ಯಾಂಶ ಇದ್ದೀತು. ಆದರೆ ಕತ್ತಲಲ್ಲಿ ಕೆಮ್ಮುತ್ತ ರೇಡಿಯೋದ ಗುಂಡಿ ತಿರುವಿದವರಿಗೆ ಬೇಕಾಗಿದ್ದದ್ದು ತಮ್ಮ ಊರನ್ನು ಬಲ್ಲ ಒಂದು ದನಿ.

ಹಾಗೆಂದು ಖಾಸಗಿಯವರೆಲ್ಲ ಕೆಟ್ಟವರು, ಸರ್ಕಾರವೇ ಎಲ್ಲ ನಡೆಸಲಿ ಎಂದು ತೀರ್ಪು ಕೊಡಲು ನನ್ನ ಮನಸ್ಸು ಒಪ್ಪದು. ನಮ್ಮ ಮೈಸೂರಿನ ಆಕಾಶವಾಣಿ 1935ರಲ್ಲಿ ಹುಟ್ಟಿದ್ದೇ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ, ಅವರ ಸ್ವಂತ ಉತ್ಸಾಹದಿಂದ. ಇತ್ತ ಸರ್ಕಾರದ ಕೈಯಲ್ಲಿದ್ದ ರೇಡಿಯೋ 1975ರ ತುರ್ತುಪರಿಸ್ಥಿತಿಯಲ್ಲಿ ಯಾರ ದನಿಯಾಗಿತ್ತೆಂಬುದನ್ನು ನನ್ನ ವಯಸ್ಸಿನವರು ಹಿರಿಯರ ಬಾಯಿಂದ ಕೇಳಿದ್ದೇವೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದಾಗ, ಸರ್ಕಾರದ ಏಕಸ್ವಾಮ್ಯವನ್ನೂ ಒಪ್ಪಲಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ಹರಾಜಿನ ದಾರಿಯಿಂದ. ಅದರಿಂದಲೂ ಎಷ್ಟೋ ಜನರಿಗೆ ಸಂತೋಷ ಸಿಕ್ಕಿದೆ.

ಮಾರುವವನ ಕಷ್ಟವನ್ನೂ ನೋಡಬೇಕು. ಸಣ್ಣ ಊರಿನಲ್ಲಿ ಮೂವತ್ತು ವರ್ಷ ಕೇಂದ್ರ ನಡೆಸಿದವನಿಗೆ ವಯಸ್ಸಾಗಿದೆ, ಮಕ್ಕಳು ದೂರದೂರಿನಲ್ಲಿದ್ದಾರೆ, ಸಾಲ ಬೆಳೆದಿದೆ. ಅವನು ಮಾರದೆ ಕದ ಹಾಕಿಕೊಂಡು ಹೋದರೆ ಊರಿಗೆ ಇದ್ದ ದನಿಯೂ ಹೋಗುತ್ತದೆ. ಕೈ ಬದಲಾಗುವುದೇ ಪಾಪವಾದರೆ ಲೋಕ ನಡೆಯುವುದಿಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕಾಗಿದೆ. ನಾನು ಹತ್ತೊಂಬತ್ತು ವರ್ಷ ಪಾಠ ಮಾಡಿದ ಶಾಲೆಯೊಂದು ಕೈ ಬದಲಾಯಿಸಿತು. ಶಾಲೆ ಟ್ರಸ್ಟಿನದು, ಅದನ್ನು ಯಾರೂ ಮಾರುವಂತಿಲ್ಲ. ಆದ್ದರಿಂದ ಹಳೆಯ ಧರ್ಮದರ್ಶಿಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು, ಹೊಸಬರು ಬಂದು ಕುಳಿತರು. ಕಾಗದದ ಮೇಲೆ ಎಲ್ಲ ನೆಟ್ಟಗಿತ್ತು. ಒಂದು ಮಗುವಿಗೆ ಇಷ್ಟು ಎಂದು ಬೆಲೆ ಕಟ್ಟಿದ್ದರೆಂಬ ಮಾತು ಆಮೇಲೆ ಸ್ಟಾಫ್ ರೂಮಿಗೆ ಬಂತು. ಹಾಜರಿ ಪುಸ್ತಕದಲ್ಲಿ ನಾನು ದಿನಾ ಕೂಗುತ್ತಿದ್ದ ಹೆಸರುಗಳು ಅವು.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಪೋಷಕರ ಸಭೆಯಲ್ಲಿ ನೀವೇ ನಾಲ್ಕು ಮಾತಾಡಿ ಟೀಚರ್, ನಿಮ್ಮ ಮಾತು ಅವರು ನಂಬುತ್ತಾರೆ" ಎಂದರು. ನಾನು ಎದ್ದು ನಿಂತು, ಏನೂ ಬದಲಾಗುವುದಿಲ್ಲ, ಗಾಬರಿಯಾಗಬೇಡಿ ಎಂದೆ. ನನಗೆ ಗೊತ್ತಿರಲಿಲ್ಲ ಎಂದರೆ ಅರ್ಧ ಸತ್ಯ. ಅನುಮಾನವಿತ್ತು. ಜೊತೆಗೆ ಹೊಸ ಆಡಳಿತದವರು ನಮ್ಮ ಎಂಟು ತಿಂಗಳ ಬಾಕಿ ಸಂಬಳ ಕೊಡುವುದಾಗಿ ಹೇಳಿದ್ದರು. ಕೊಟ್ಟರು, ತೆಗೆದುಕೊಂಡೆ. ಮಗಳ ಕಾಲೇಜಿನ ಫೀಜು ಕಟ್ಟಿದೆ. ಎರಡು ವರ್ಷಕ್ಕೆ ಕನ್ನಡ ಮಾಧ್ಯಮದ ತರಗತಿಗಳು ಮುಚ್ಚಿದವು. ಹೂ ಕಟ್ಟಿ ಮಾರುವ ತಾಯಿಯೊಬ್ಬಳು ಟಿ.ಸಿ. ತೆಗೆದುಕೊಂಡು ಹೋಗುವಾಗ ನನ್ನನ್ನು ನೋಡಿ, "ನೀವು ಹೇಳಿದ್ರಲ್ಲ ಟೀಚರ್" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರಾಟವಾಗುವುದು ಏನೆಂಬ ಪ್ರಶ್ನೆಗೆ ಉತ್ತರ ಆ ದಿನವೇ ನನಗೆ ಸಿಕ್ಕಿತ್ತು, ಹುಡುಗ ಕಂಬದ ಬೆಲೆಯ ಮಾತು ಹೇಳಿದಾಗ ಅರ್ಥವಾಯಿತು. ಕಂಬಕ್ಕೆ ಕಂಬದ ಬೆಲೆ. ಅದರ ಮೇಲಿನದೆಲ್ಲ ಕೇಳುವವರ ನಂಬಿಕೆಯ ಬೆಲೆ. ಬೆಳಿಗ್ಗೆ ಎದ್ದು ಅದೇ ಗುಂಡಿ ಒತ್ತುತ್ತಾರೆ, ಆ ದನಿ ಹೇಳಿದ್ದನ್ನು ನಿಜವೆಂದುಕೊಳ್ಳುತ್ತಾರೆ ಎಂಬ ಭರವಸೆಯ ಬೆಲೆ. ಅದನ್ನು ಕೂಡಿಸಿಟ್ಟವರು ಕೇಳುಗರು. ಹಣ ಎಣಿಸಿಕೊಳ್ಳುವಾಗ ಮಾತ್ರ ಅವರು ಅಲ್ಲಿರುವುದಿಲ್ಲ.

ನಮ್ಮಲ್ಲಿ ಸಮುದಾಯ ಬಾನುಲಿಗೆ ಕೊಡುವ ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಎಲ್ಲ ಕೇಂದ್ರಗಳಿಗೂ ಅಂಥ ಕಟ್ಟು ಹಾಕಲಾಗದು, ಬಲ್ಲೆ. ಆದರೆ ಒಪ್ಪಿಸಿ ಹೋಗುವವರು ಇಷ್ಟನ್ನಾದರೂ ಮಾಡಬಹುದು. ಮಾತುಕತೆ ಮುಗಿಯುವ ಮೊದಲೇ ನಂಬಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಅವರ ದನಿಗೆ ಬೆಲೆ ಕೊಟ್ಟು, ಬೇಕಾದರೆ ತಮ್ಮ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಬಹುದು. ಸಾಲದಲ್ಲಿರುವವನಿಗೆ ಇದು ಸುಲಭವಲ್ಲ. ಎಂಟು ತಿಂಗಳ ಸಂಬಳಕ್ಕಾಗಿ ಕಾದು ಕುಳಿತ ನನಗೂ ಸುಲಭವಾಗಿರಲಿಲ್ಲ. ಸುಲಭವಲ್ಲ ಎಂಬುದರಿಂದ ಅದು ನನ್ನ ಕರ್ತವ್ಯವಾಗಿರಲಿಲ್ಲ ಎಂದಾಗುವುದಿಲ್ಲ.

ಹುಡುಗ ಹೊರಡುವ ದಿನ, "ನಿನ್ನ ಲೆಕ್ಕದ ಹಾಳೆಯಲ್ಲಿ ಕೇಳುಗರಿಗೆ ಒಂದು ಕಾಲಮ್ಮು ಇದೆಯೇನೋ?" ಎಂದು ಕೇಳಿದೆ. "ಇದೆ ದೊಡ್ಡಮ್ಮ, ಎಷ್ಟು ಜನ ಅಂತ" ಎಂದ. ಆಮೇಲೆ ಸ್ವಲ್ಪ ತಡೆದು, "ಅಷ್ಟೇ ಇದೆ" ಎಂದ.