ಹಿರಿಮೆಯ ಋಣ

ವೈದ್ಯನು ರೋಗಿಯನ್ನು ಬದುಕಿಸಿದರೆ ಆ ರೋಗಿಯೇ ಅವನ ಕೀರ್ತಿಗೆ ಸಾಕ್ಷಿಯಾಗಿ ಊರಿನಲ್ಲಿ ಓಡಾಡುತ್ತಾನೆ. ಶಿಲ್ಪಿಯ ಹಿರಿಮೆಯನ್ನು ಅವನು ಕಟ್ಟಿದ ಗುಡಿಯೇ ಸಾರುತ್ತದೆ. ಆದರೆ ಕಾರ್ಖಾನೆಗಳಲ್ಲಿ ದುಡಿಯುವವರ ಆರೋಗ್ಯವನ್ನೂ ಪ್ರಾಣವನ್ನೂ ಕಾಯುವುದೇ ಯಾರ ಕಸುಬೋ ಅವನಿಗೆ ಇಂಥ ಸಾಕ್ಷಿಯಿಲ್ಲ. ಅವನ ಕೆಲಸವು ಚೆನ್ನಾಗಿ ನಡೆದರೆ ಏನೂ ಸಂಭವಿಸುವುದಿಲ್ಲ. ಯಂತ್ರಕ್ಕೆ ಕೈ ಸಿಕ್ಕುವುದಿಲ್ಲ, ಶ್ವಾಸಕೋಶಕ್ಕೆ ಧೂಳು ಸೇರುವುದಿಲ್ಲ, ಸಂಜೆಗೆ ಎಲ್ಲರೂ ಮನೆಗೆ ಮರಳುತ್ತಾರೆ. ಉಳಿದವನಿಗೆ ತಾನು ಉಳಿದೆನೆಂಬುದೇ ತಿಳಿಯದು. ಹೀಗಿರುವಲ್ಲಿ, ಈ ವೃತ್ತಿಯಲ್ಲಿ ಹಿರಿಯನೆಂದು ಯಾರನ್ನು ಎಣಿಸಬೇಕು? ಆ ಹಿರಿಮೆಯನ್ನು ಬಯಸುವುದು ಯುಕ್ತವೆ?

ಬಯಸಕೂಡದೆಂದು ಹೇಳುವುದು ಸುಲಭ. ನಿಷ್ಕಾಮಕರ್ಮದ ಮಾತು ನಮ್ಮಲ್ಲಿ ಎಲ್ಲರ ನಾಲಗೆಯ ಮೇಲೂ ಉಂಟು. ಆದರೆ ಧೂಳನ್ನು ಹೊರಕ್ಕೆಳೆಯುವ ಯಂತ್ರವನ್ನು ಹೂಡಬೇಕಾದರೆ ಯಜಮಾನನು ಹಣ ವೆಚ್ಚಮಾಡಬೇಕು; ಅಪಾಯದ ಕೆಲಸವನ್ನು ನಿಲ್ಲಿಸಿದರೆ ಉತ್ಪತ್ತಿಯು ಕುಗ್ಗುತ್ತದೆ. ಇಂಥ ಅಪ್ರಿಯವಾದ ಮಾತನ್ನು ಹೇಳುವವನಿಗೆ ಪದವಿಯ ಬಲವಿಲ್ಲದಿದ್ದರೆ ಕೇಳುವವರು ವಿರಳ. ಬ್ರಿಟನ್ನಿನಲ್ಲಿ ಔದ್ಯೋಗಿಕ ಸುರಕ್ಷತೆಯನ್ನು ನೋಡಿಕೊಳ್ಳುವವರ ಸಂಸ್ಥೆಯೊಂದು ೧೯೪೫ರಲ್ಲಿ ಸ್ಥಾಪಿತವಾಗಿ, ೨೦೦೩ರಲ್ಲಿ ರಾಜಸನ್ನದನ್ನು ಪಡೆಯಿತು. ಅದರ ಸದಸ್ಯತ್ವದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದವಿಗಳಿವೆ. ತುದಿಯ ಮೆಟ್ಟಿಲಿಗೆ ಫೆಲೋ ಎಂದು ಹೆಸರು. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕಲಾಗದು. ಮಾತಿಗೆ ತೂಕ ಬರುವಂತೆ ಮಾಡುವ ಸಾಧನವದು. ಆದುದರಿಂದ ವಿಚಾರಿಸಬೇಕಾದುದು ಪದವಿಯನ್ನು ಬಯಸಬಹುದೆ ಎಂಬುದನ್ನಲ್ಲ. ದೊರೆತ ಮೇಲೆ ಅದು ಯಾರ ಸ್ವತ್ತು ಎಂಬುದನ್ನು.

ಈ ಪ್ರಶ್ನೆಗೆ ಸರ್ ಥಾಮಸ್ ಲೆಗ್ ಎಂಬವರ ಜೀವನವು ಒಂದು ಉತ್ತರವನ್ನು ಕೊಡುತ್ತದೆ. ೧೮೯೮ರಲ್ಲಿ ಅವರು ಬ್ರಿಟನ್ನಿನ ಕಾರ್ಖಾನೆಗಳ ಪ್ರಥಮ ವೈದ್ಯಪರೀಕ್ಷಕರಾಗಿ ನೇಮಕಗೊಂಡರು. ಸೀಸದ ವಿಷವು ಅಂದು ಕಾರ್ಮಿಕರಿಗೆ ದೊಡ್ಡ ಪೀಡೆಯಾಗಿತ್ತು. ಅದು ಉಸಿರಿನೊಡನೆಯೂ ಅನ್ನದೊಡನೆಯೂ ಮೆಲ್ಲಮೆಲ್ಲನೆ ದೇಹವನ್ನು ಸೇರಿ, ಹೊಟ್ಟೆಯನ್ನು ಹಿಂಡಿ, ಮಣಿಕಟ್ಟು ಜೋಲುಬೀಳುವಂತೆ ಮಾಡುತ್ತದೆ. ೧೯೦೦ನೆಯ ಇಸವಿಯೊಂದರಲ್ಲೇ ಅಲ್ಲಿ ಸಾವಿರಕ್ಕೂ ಮಿಗಿಲಾದ ಕಾರ್ಮಿಕರಿಗೆ ಈ ವಿಷವೇರಿದುದು ಸರ್ಕಾರದ ಲೆಕ್ಕಕ್ಕೆ ಬಂದಿತ್ತು. ಎಚ್ಚರವಾಗಿರೆಂದು ಕೂಲಿಯವನಿಗೆ ಬೋಧಿಸಿದರೆ ಸಾಲದು, ವಿಷದ ಧೂಳು ಅವನನ್ನು ಮುಟ್ಟದಂತೆ ಮಾಡುವ ಹೊಣೆ ಮೊದಲು ಯಜಮಾನನದು ಎಂಬುದು ಲೆಗ್ಗರ ಸಿದ್ಧಾಂತ. ೧೯೨೫ರಲ್ಲಿ ಅವರಿಗೆ ಸರ್ ಪದವಿಯು ಬಂದಿತು. ಕಟ್ಟಡಗಳ ಒಳಗೆ ಬಳಿಯುವ ಬಣ್ಣದಲ್ಲಿ ಬಿಳಿಸೀಸದ ಬಳಕೆಯನ್ನು ನಿಷೇಧಿಸುವ ಒಪ್ಪಂದವೊಂದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೨೧ರಲ್ಲಿ ಅಂಗೀಕರಿಸಿತ್ತು. ಅದಕ್ಕೆ ಸಮ್ಮತಿಯನ್ನೀಯಲು ಬ್ರಿಟಿಷ್ ಸರ್ಕಾರವು ಒಪ್ಪಲಿಲ್ಲ. ೧೯೨೬ರಲ್ಲಿ ಲೆಗ್ಗರು ತಮ್ಮ ಹುದ್ದೆಗೆ ರಾಜೀನಾಮೆಯನ್ನಿತ್ತರು.

ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಒಳಗಿದ್ದು ನಾಲ್ಕು ಜನಕ್ಕೆ ಉಪಕಾರ ಮಾಡಬಲ್ಲವನು ಹೊರಕ್ಕೆ ಹೋದರೆ ನಷ್ಟವಾಗುವುದು ಯಾರಿಗೆ? ಅವನ ಪೀಠದಲ್ಲಿ ಹೂಂಗುಟ್ಟುವವನೊಬ್ಬನು ಬಂದು ಕುಳಿತರೆ ಕೂಲಿಯವನ ಗತಿಯೇನು? ಆಕ್ಷೇಪವು ಹಗುರವಾದುದಲ್ಲ. ಲೆಗ್ಗರೂ ಅದನ್ನು ಅರಿಯದವರಾಗಿರಲಾರರು. ಇಪ್ಪತ್ತೆಂಟು ವರ್ಷಗಳ ಕಾಲ ಅವರು ಒಳಗಿದ್ದೇ ದುಡಿದರು. ಮಾರ್ಗದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗಲೆಲ್ಲ ಎದ್ದುಹೋಗುವವನು ಯಾವ ಕೆಲಸವನ್ನೂ ಮುಗಿಸಲಾರನು. ಆದರೆ, ಮೌನವಾಗಿ ಉಳಿದವನ ಹೆಸರೇ ಹಾನಿಗೆ ಹಾಕಿದ ಮುದ್ರೆಯಾಗುವ ಘಳಿಗೆಯೊಂದುಂಟು. ತಿಳಿದವನೇ ಸುಮ್ಮನಿದ್ದಾನೆ, ಅಂದ ಮೇಲೆ ಅಪಾಯವೇನೂ ಇರಲಾರದು ಎಂದು ಲೋಕವು ನಂಬುತ್ತದೆ. ಅವನ ಪದವಿಯು ಎಷ್ಟು ದೊಡ್ಡದೋ ಆ ನಂಬಿಕೆಯೂ ಅಷ್ಟೇ ಗಟ್ಟಿ. ಚಿಕ್ಕವನ ಮೌನವು ದೌರ್ಬಲ್ಯವೆನಿಸೀತು. ಹಿರಿಯನ ಮೌನವು ಅನುಮತಿಯಾಗುತ್ತದೆ. ಲೆಗ್ಗರು ಹೊರಬಂದು ಸುಮ್ಮನೆ ಕೂಡಲಿಲ್ಲ. ಬಳಿಕ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ವೈದ್ಯ ಸಲಹೆಗಾರರಾಗಿ ನಿಂತರು.

ಪದವಿಯನ್ನು ಪಡೆದು ಬಿಟ್ಟವರ ಕಥೆ ಇದು. ಪದವಿಯೇ ದೊರೆಯದವರ ಕಥೆಯೂ ಒಂದುಂಟು. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ೧೯೧೦ರಿಂದ ಇಲಿನಾಯ್ ಸಂಸ್ಥಾನದ ಕಾರ್ಖಾನೆಗಳನ್ನೂ ಆಸ್ಪತ್ರೆಗಳನ್ನೂ ಕೂಲಿಗಳ ಮನೆಗಳನ್ನೂ ಸುತ್ತಿ, ಸೀಸದಿಂದ ಕೆಟ್ಟವರನ್ನು ಹುಡುಕಿ ಲೆಕ್ಕವಿಟ್ಟರು. ೧೯೧೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಅವರನ್ನು ಸಹಾಯಕ ಪ್ರಾಧ್ಯಾಪಕರನ್ನಾಗಿ ಕರೆಯಿತು. ಅಲ್ಲಿನ ಅಧ್ಯಾಪಕ ವರ್ಗವನ್ನು ಸೇರಿದ ಮೊದಲ ಮಹಿಳೆ ಅವರೇ. ಆದರೆ ಅಧ್ಯಾಪಕರ ಕ್ಲಬ್ಬನ್ನು ಪ್ರವೇಶಿಸಕೂಡದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಕೂಡದು ಎಂಬ ನಿಬಂಧನೆಗಳಿದ್ದುವು. ೧೯೩೫ರಲ್ಲಿ ನಿವೃತ್ತರಾದಾಗಲೂ ಅವರು ಸಹಾಯಕ ಪ್ರಾಧ್ಯಾಪಕರೇ. ಮೋಟಾರುಗಳ ಪೆಟ್ರೋಲಿಗೆ ಸೀಸವನ್ನು ಬೆರಸುವುದು ಅಪಾಯವೆಂದು ೧೯೨೫ರಲ್ಲಿಯೇ ಅವರು ಎಚ್ಚರಿಸಿದ್ದರು. ಲೋಕವು ಕಿವಿಗೊಡಲಿಲ್ಲ. ಕಟ್ಟಕಡೆಗೆ ಆಲ್ಜೀರಿಯ ದೇಶದ ಬಂಕುಗಳಲ್ಲಿ ಆ ಪೆಟ್ರೋಲಿನ ಮಾರಾಟವು ನಿಂತುದು ೨೦೨೧ರಲ್ಲಿ. ತೊಂಬತ್ತಾರು ವರ್ಷಗಳ ಮೇಲೆ.

ಈ ಇಬ್ಬರನ್ನೂ ಜೊತೆಯಲ್ಲಿಟ್ಟು ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಪದವಿಯಿಲ್ಲದೆಯೂ ಈ ವೃತ್ತಿಯಲ್ಲಿ ಹಿರಿಯರಾಗಬಹುದು. ಆದರೆ ಹಿರಿಯರಿಗೆ ಪದವಿಯನ್ನು ನಿರಾಕರಿಸುವ ಸಮಾಜವು ಅದರ ದಂಡವನ್ನು ತಾನೇ ತೆರುತ್ತದೆ. ಇನ್ನು ಪದವಿಯನ್ನು ಪಡೆದವನಿಗೆ ಅದು ಗಳಿಕೆಯಲ್ಲ, ಋಣ. ಸಾಲ ಕೊಟ್ಟವರು ಸನ್ಮಾನದ ವೇದಿಕೆಯ ಮೇಲೆ ಕುಳಿತವರಲ್ಲ. ಕುಲುಮೆಯ ಮುಂದೆಯೂ ಗಣಿಯೊಳಗೂ ನಿಂತು, ಅವನ ಒಂದು ಮಾತಿನ ಮೇಲೆ ತಮ್ಮ ಉಸಿರನ್ನು ಒಪ್ಪಿಸಿರುವವರು. ಹಿರಿಯರನ್ನು ಆರಿಸುವ ಸಭೆಗಳು ಅಭ್ಯರ್ಥಿಯ ಪರೀಕ್ಷೆಗಳನ್ನೂ ಅನುಭವದ ವರ್ಷಗಳನ್ನೂ ಎಣಿಸುವುದು ಸರಿಯೇ. ಅದರೊಡನೆ, ಬೇಡವೆನ್ನಬೇಕಾದಲ್ಲಿ ಇವನು ಬೇಡವೆಂದನೆ, ಅದರಿಂದ ತನಗೊದಗಿದ ನಷ್ಟವನ್ನು ತಾಳಿದನೆ ಎಂಬುದನ್ನೂ ವಿಚಾರಿಸುವುದು ಯುಕ್ತ. ಮಗನಿಗೋ ಮಗಳಿಗೋ ಇಂಥ ಪದವಿಯು ಬಂದಾಗ ಸಂತೋಷಪಡುವ ಮನೆಯವರು ಇದನ್ನು ನೆನೆಯುವುದು ಒಳ್ಳೆಯದು. ಆ ಋಣವನ್ನು ತೀರಿಸುವ ದಿನವು ಬಂದರೆ ವೆಚ್ಚದಲ್ಲಿ ಮನೆಯವರಿಗೂ ಪಾಲುಂಟು.