ಮಾಂಸ ತಿನ್ನದ ಮಠ, ಮಾಂಸಕ್ಕೂ ಒದಗುವ ಕೋಳಿ

ಷಾಂಟೆಕ್ಲೇರ್ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕೋಳಿ ತಳಿ. ಮೊಟ್ಟೆಗೂ ಮಾಂಸಕ್ಕೂ ಆಗುವ, ಕೊರೆಯುವ ಚಳಿಗೂ ಜಗ್ಗದ ಈ ಹಿತ್ತಲ ಕೋಳಿಯನ್ನು ರೂಪಿಸಿದವರು ಮಾಂಟ್ರಿಯಲ್‌ನ ಪಶ್ಚಿಮಕ್ಕಿರುವ ಓಕಾದ ಟ್ರಾಪಿಸ್ಟ್ ಮಠದ ಬ್ರದರ್ ವಿಲ್ಫ್ರಿಡ್ ಶಾತೆಲೆನ್. ಟ್ರಾಪಿಸ್ಟರು ಆರೋಗ್ಯವಾಗಿರುವಷ್ಟು ಕಾಲ ಮಾಂಸ ಮುಟ್ಟದ ಕ್ಯಾಥೊಲಿಕ್ ಸನ್ಯಾಸಿಗಳು. ತಾನು ತಿನ್ನದ ಹಕ್ಕಿಯ ಎದೆಯಲ್ಲಿ ಮಾಂಸ ತುಂಬಿಸಲು ಸನ್ಯಾಸಿಯೊಬ್ಬ ವರ್ಷಗಟ್ಟಲೆ ದುಡಿಯುವುದು ಅವನ ವ್ರತಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ತಳಿಯ ಹುಟ್ಟಿನಲ್ಲೇ ಇದೆ.

ಶಾತೆಲೆನ್ ಕೆಲಸ ಆರಂಭಿಸಿದ್ದು 1908ರಲ್ಲಿ. ಆಗ ಕೆನಡಾದ ರೈತರು ಸಾಕುತ್ತಿದ್ದ ಕೋಳಿಗಳೆಲ್ಲ ಯುರೋಪಿನಿಂದಲೋ ಅಮೆರಿಕದಿಂದಲೋ ಬಂದವು. ದೊಡ್ಡ ಜುಟ್ಟಿನ ಹುಂಜಗಳಿಗೆ ಅಲ್ಲಿನ ಚಳಿಗಾಲ ದೊಡ್ಡ ಶಿಕ್ಷೆ. ನೀರು ಕುಡಿಯುವಾಗ ಗಲ್ಲದ ಕೆಳಗಿನ ಜೋಲುತೊಗಲು ಒದ್ದೆಯಾಗುತ್ತದೆ, ಒದ್ದೆಯಾದದ್ದು ಹೆಪ್ಪುಗಟ್ಟುತ್ತದೆ, ಜುಟ್ಟಿನ ತುದಿ ಕಪ್ಪಾಗಿ ಸಾಯುತ್ತದೆ. ಹೀಗೆ ನೊಂದ ಹುಂಜದ ಸಂತಾನಶಕ್ತಿಯೂ ಕುಗ್ಗುತ್ತದೆ. ಶಾತೆಲೆನ್ ಕಾರ್ನಿಷ್, ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವಯಾಂಡಾಟ್, ಪ್ಲಿಮತ್ ರಾಕ್ ಎಂಬ ಐದು ತಳಿಗಳನ್ನು ಬೆರೆಸುತ್ತ, ಆರಿಸುತ್ತ ಹೋದರು. ಕೊನೆಗೆ ದಕ್ಕಿದ ಬಿಳಿಯ ಹಕ್ಕಿಗೆ ಜುಟ್ಟು ನೆತ್ತಿಗಂಟಿದ ಸಣ್ಣ ಗುಬುಟು, ಜೋಲುತೊಗಲು ಇದ್ದೂ ಇಲ್ಲದಂತೆ. ಹುಂಜ ನಾಲ್ಕು ಕಿಲೋ ಹತ್ತಿರ ತೂಗುತ್ತದೆ, ಹೇಟೆ ಮೂರು ಕಿಲೋ. ಮೊಟ್ಟೆ ಕಂದು. 1918ರಲ್ಲಿ ತಳಿ ಹೊರಜಗತ್ತಿಗೆ ಬಂತು. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅದಕ್ಕೆ ಮಾನ್ಯತೆ ನೀಡಿತು.

ಟ್ರಾಪಿಸ್ಟರ ಬದುಕು ನಡೆಯುವುದು ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಗ್ರಂಥದ ಪ್ರಕಾರ. ಅದರ 39ನೆಯ ಅಧ್ಯಾಯ, ತೀರ ನಿಶ್ಶಕ್ತರಾದ ರೋಗಿಗಳ ಹೊರತು ಯಾರೂ ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ತಿನ್ನಕೂಡದು ಎನ್ನುತ್ತದೆ. ಎರಡು ಕಾಲಿನ ಕೋಳಿಯ ಮಾತು ಅಲ್ಲಿಲ್ಲ. ಈ ಮೌನದಲ್ಲಿ ನುಸುಳಿಕೊಂಡು ಕೋಳಿ ತಿಂದ ಮಠಗಳೂ ಇದ್ದವು, ಅದೂ ನಿಷಿದ್ಧವೆಂದ ಮಠಗಳೂ ಇದ್ದವು. ಟ್ರಾಪಿಸ್ಟರು ಎರಡನೆಯ ಗುಂಪಿನವರು. ಆದರೆ ಈ ತ್ಯಾಗಕ್ಕೆ ಕಾರಣ ಕೊಲ್ಲುವುದು ಪಾಪ ಎಂಬುದಲ್ಲ. ಅದು ನಾಲಿಗೆಯ ನಿಗ್ರಹ, ದೇಹಕ್ಕೆ ವಿಧಿಸಿಕೊಂಡ ಶಿಸ್ತು. ಪ್ರಾಣಿಗಳನ್ನು ಮನುಷ್ಯನ ಉಪಯೋಗಕ್ಕಾಗಿ ಕೊಲ್ಲುವುದು ತಪ್ಪಲ್ಲವೆಂದು ಹದಿಮೂರನೆಯ ಶತಮಾನದಲ್ಲೇ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದ್ದ. ತಾನು ಬಿಟ್ಟದ್ದನ್ನು ಬಡ ರೈತನ ಮನೆಗೆ ಒದಗಿಸುವುದರಲ್ಲಿ ಓಕಾದ ಸನ್ಯಾಸಿಗೆ ವಿರೋಧಾಭಾಸ ಕಾಣದಿದ್ದುದು ಇದರಿಂದಲೇ ಇರಬೇಕು. ಅಹಿಂಸೆಯಿಂದ ಹೊರಟ ಜೈನ ಮುನಿಯ ಸಸ್ಯಾಹಾರದೊಂದಿಗೆ ಇದನ್ನು ಕಲಸಿಕೊಂಡರೆ ಎರಡೂ ಅರ್ಥವಾಗುವುದಿಲ್ಲ.

ಕೋಳಿಗೂಡಿನ ದುಡಿಮೆಗೂ ಅದೇ ನಿಯಮಗ್ರಂಥದ ಆಧಾರವಿದೆ. ಸನ್ಯಾಸಿ ತನ್ನ ಕೈದುಡಿಮೆಯಿಂದ ಬದುಕಬೇಕು. ಮಠದ ಸಲಕರಣೆಗಳನ್ನು ಪೂಜಾಪಾತ್ರೆಗಳಂತೆ ಕಾಣಬೇಕು. ಶರಣರ ಕಾಯಕ ಬಲ್ಲವರಿಗೆ ಇದು ಪರಿಚಿತವೆನಿಸಬಹುದು, ಆದರೆ ಹೋಲಿಕೆ ಹೆಚ್ಚು ದೂರ ಸಾಗದು. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕೆಂಬುದು ಆಯ್ದಕ್ಕಿ ಮಾರಯ್ಯನ ನಿಲುವು. ಬೆನೆಡಿಕ್ಟನ ಮಠದಲ್ಲಾದರೋ ಪ್ರಾರ್ಥನೆಯ ಗಂಟೆ ಕೇಳಿದೊಡನೆ ಕೈಯಲ್ಲಿರುವುದನ್ನು ಅಲ್ಲಿಗೇ ಬಿಟ್ಟು ಏಳಬೇಕು. 57ನೆಯ ಅಧ್ಯಾಯ ಇನ್ನೂ ಕಠಿಣ: ತನ್ನ ಕಸುಬಿನಿಂದ ಮಠಕ್ಕೆ ಲಾಭವಾಯಿತೆಂದು ಬೀಗುವವನನ್ನು ಆ ಕಸುಬಿನಿಂದಲೇ ತೆಗೆದುಹಾಕಬೇಕು. ಹೊಸ ತಳಿ ಕಟ್ಟುವ ಕೆಲಸಕ್ಕೆ ಇದಕ್ಕಿಂತ ಕಷ್ಟದ ಷರತ್ತು ಇರಲಾರದು. ತಳಿಗೆ ಬಂದದ್ದು ಕಟ್ಟಿದವನ ಹೆಸರಲ್ಲ, ಹಳೆಯ ಫ್ರೆಂಚ್ ಪ್ರಾಣಿಕಥೆಗಳ ಹುಂಜದ ಹೆಸರು.

ಮೊಟ್ಟೆ–ಮಾಂಸ ಎರಡಕ್ಕೂ ಆಗುವ ಗುಣಕ್ಕೆ ಇಂದು ನೈತಿಕ ತೂಕ ಬಂದಿರುವುದು ಬೇರೆ ಕಾರಣದಿಂದ. ಇಪ್ಪತ್ತನೆಯ ಶತಮಾನದ ಕೋಳಿ ಉದ್ಯಮ ಈ ಎರಡನ್ನೂ ಬೇರ್ಪಡಿಸಿತು. ಮೊಟ್ಟೆಯ ತಳಿಯಲ್ಲಿ ಗಂಡುಮರಿ ಮೊಟ್ಟೆ ಇಡದು, ಮೈಯಲ್ಲಿ ಮಾಂಸವನ್ನೂ ಹೊರದು. ಆದ್ದರಿಂದ ಅದನ್ನು ಹುಟ್ಟಿದ ದಿನವೇ ಕೊಲ್ಲುವುದು ರೂಢಿಯಾಯಿತು. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಷಾಂಟೆಕ್ಲೇರ್‌ನಂಥ ತಳಿಯಲ್ಲಿ ಗಂಡುಮರಿಗೂ ಬೆಳೆಯುವ ಅವಕಾಶವಿದೆ, ಕೆಲವು ತಿಂಗಳು ಅಂಗಳದಲ್ಲಿ ಕೆದಕುವ ಬದುಕಿದೆ. ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಜೀವಿಗಳ ಮೇಲೆ ಒಡೆತನ ಕೊಡುತ್ತದೆ, ಎರಡನೆಯದು ತೋಟವನ್ನು ಉತ್ತು ಕಾಯುವ ಹೊಣೆ ಹೊರಿಸುತ್ತದೆ. ಪೋಪ್ ಫ್ರಾನ್ಸಿಸ್ 2015ರ ‘ಲಾವ್ದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಮೊದಲನೆಯದನ್ನು ಎರಡನೆಯದರ ಬೆಳಕಿನಲ್ಲಿ ಓದಬೇಕೆಂದೂ ಪ್ರತಿ ಜೀವಿಗೂ ತನ್ನದೇ ಬೆಲೆಯಿದೆಯೆಂದೂ ಹೇಳಿದರು. ಈ ಓದಿನಲ್ಲಿ ಹಿತ್ತಲ ಕೋಳಿ ಕಾರ್ಖಾನೆಯ ಕೋಳಿಗಿಂತ ಮೇಲು, ನಿಜ. ಆದರೆ ಕತ್ತಿ ಮುಂದಕ್ಕೆ ಹೋಗಿದೆಯೇ ಹೊರತು ಇಲ್ಲವಾಗಿಲ್ಲ. ತನ್ನದೇ ಬೆಲೆಯುಳ್ಳ ಜೀವಿಯನ್ನು ಮನುಷ್ಯನ ಊಟಕ್ಕಾಗಿ ತಿದ್ದುವುದು ಕಾಯುವಿಕೆಯೋ ಒಡೆತನವೋ ಎಂಬುದಕ್ಕೆ ಆ ಪತ್ರದಲ್ಲಿಯೂ ನೇರ ಉತ್ತರ ಸಿಗದು.

ತಳಿಯ ಉಳಿವಿನ ಚರಿತ್ರೆ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ಉದ್ಯಮದ ಕೋಳಿಗಳ ಮುಂದೆ ಷಾಂಟೆಕ್ಲೇರ್ ಹಿಂದೆ ಬಿತ್ತು. 1979ರ ಹೊತ್ತಿಗೆ ಅದು ಅಳಿದೇಹೋಯಿತೆಂದು ಭಾವಿಸಲಾಗಿತ್ತು. ಆಮೇಲೆ ಸಣ್ಣ ರೈತರ ಅಂಗಳಗಳಲ್ಲಿ ಹಿಂಡುಗಳು ಪತ್ತೆಯಾದವು. 1999ರಲ್ಲಿ ಕ್ವಿಬೆಕ್ ಕಾನೂನು ಮಾಡಿ ಷಾಂಟೆಕ್ಲೇರ್ ಕೋಳಿ, ಕೆನೇಡಿಯನ್ ಹಸು, ಕೆನೇಡಿಯನ್ ಕುದುರೆ ಮೂರನ್ನೂ ಪಾರಂಪರಿಕ ತಳಿಗಳೆಂದು ಘೋಷಿಸಿತು. ಮಠದವರು 2009ರಲ್ಲಿ ಓಕಾ ಬಿಟ್ಟು ಸೇಂಟ್-ಜಾನ್-ದ-ಮಾಥಾಕ್ಕೆ ಹೋದರು. ತಳಿಯ ಹೊಣೆ ಈಗ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರ ಮೇಲಿದೆ. ಅವರು ಪ್ರತಿ ವರ್ಷ ಮರಿಗಳನ್ನು ಬೆಳೆಸಿ, ಜುಟ್ಟು ಚಿಕ್ಕದಿರುವ, ಮೈಕಟ್ಟು ಗಟ್ಟಿಯಿರುವ ಕೆಲವೇ ಹುಂಜಗಳನ್ನು ಸಂತಾನಕ್ಕೆ ಉಳಿಸಿಕೊಳ್ಳುತ್ತಾರೆ. ಅಜ್ಜತಳಿಗಳ ದೊಡ್ಡ ಜುಟ್ಟು ಹೊತ್ತು ಹುಟ್ಟಿದವು ಅಡಿಗೆಮನೆ ಸೇರುತ್ತವೆ.